ಪ್ಲೇಟಣ್ಣನ ಮೇಲೆ ಹನ್ನೊಂದು ದೂರುಗಳು

ಈ ಸಭೆಯ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟರೂ ಆದ ಸಾಹೇಬರೇ, ನನ್ನ ಮುಖದ ಒಳಗನ್ನು ನನಗಿಂತ ಚೆನ್ನಾಗಿ ಬಲ್ಲ ಕಿವಿ-ಮೂಗು-ಗಂಟಲು ವಿಭಾಗದ ಡಾಕ್ಟರಮ್ಮನವರೇ, ಬರುವ ಮಂಗಳವಾರ ನಿವೃತ್ತರಾಗಲಿರುವ, ವೇದಿಕೆ ಹತ್ತಿದಾಗಿನಿಂದ ತಮ್ಮ ಚಪ್ಪಲಿಯನ್ನೇ ನೋಡುತ್ತ ಕೂತಿರುವ ಪ್ಲೇಟಣ್ಣನವರೇ, ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಸಿಬ್ಬಂದಿಯವರೇ, ನನ್ನಂತೆಯೇ ಚೀಟಿ ಹಿಡಿದು ಕಾದು ಅಭ್ಯಾಸವಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. "ರೋಗಿಗಳ ಪರವಾಗಿ ಎರಡು ಒಳ್ಳೆ ಮಾತಾಡಿ ಇಳಿದುಬಿಡಮ್ಮ" ಎಂದು ಹೆಡ್ ಸಿಸ್ಟರ್ ಬೆಳಗ್ಗೆಯೇ ಎಚ್ಚರಿಸಿದ್ದಾರೆ. ನನಗೆ ಎರಡು ವರ್ಷದ ಮಗುವಿದೆ, ಸರಿಯಾಗಿ ನಿದ್ದೆ ಮಾಡಿ ಅದಕ್ಕಿಂತ ಹೆಚ್ಚಾಗಿದೆ. ಮಾತು ಎಲ್ಲಾದರೂ ಅಡ್ಡ ಹರಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಒಳ್ಳೆಯ ಮಾತಿಗೆ ಮೊದಲು ಒಂದು ತಪ್ಪೊಪ್ಪಿಗೆ. ಹದಿನೈದು ದಿನದ ಹಿಂದೆ ನಾವು ಆರು ಜನ ರೋಗಿಗಳು ಸಾಹೇಬರ ಕೋಣೆಗೆ ಹೋಗಿದ್ದೆವು. ಪ್ಲೇಟಣ್ಣನವರನ್ನು ಇನ್ನೊಂದು ವರ್ಷ, ವಾರಕ್ಕೆ ಎರಡೇ ದಿನ ಉಳಿಸಿಕೊಳ್ಳಿ, ಅಷ್ಟರಲ್ಲಿ ಅವರ ಕೆಲಸವನ್ನು ಯಾರಾದರೂ ಇಬ್ಬರು ಕಲಿತುಕೊಳ್ಳಲಿ ಎಂದು ಕೇಳಲು. ಸಾಹೇಬರು ನಮ್ಮನ್ನು ಕೂರಿಸಿದರು, ಕೇಳಿದರು, ಬೇಸರಿಸಲಿಲ್ಲ. ಆಮೇಲೆ ಒಂದು ದಪ್ಪ ಫೈಲು ತೆಗೆದರು.

"ನೋಡಿಯಮ್ಮಾ, ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಲಿಖಿತ ದೂರು. ಹನ್ನೊಂದೂ ಒಂದೇ. ರೋಗಿಗಳ ಜೊತೆ ಒರಟಾಗಿ ನಡ್ಕೊಳ್ತಾರೆ ಅಂತ. ಇಂಥವರನ್ನ ನಿವೃತ್ತಿ ಆದಮೇಲೂ ಇಟ್ಕೊಳ್ಳಿ ಅಂತ ಮೇಲಿನವರಿಗೆ ನಾನು ಯಾವ ಬಾಯಲ್ಲಿ ಬರೀಲಿ?"

ನನ್ನ ಜೊತೆ ಬಂದಿದ್ದ ಐವರು ಮುಖ ಮುಖ ನೋಡಿಕೊಂಡರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅಂದು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಇಂದು ಇಷ್ಟು ಜನರೆದುರು ಹೇಳುತ್ತೇನೆ. ಸಾಹೇಬರೇ, ಆ ಹನ್ನೊಂದನೆಯ ದೂರು ಬರೆದವಳು ನಾನು.

ಯಾಕೆ ಬರೆದೆ? ಅದನ್ನು ಹೇಳಬೇಕಾದರೆ ಮೂಗಿನಿಂದ ಶುರು ಮಾಡಬೇಕು.

ಇಲ್ಲಿರುವವರಲ್ಲಿ ಎಷ್ಟು ಜನ "ನನಗೆ ಸೈನಸ್ ಇದೆ" ಎಂದು ಹೇಳಿಕೊಳ್ಳುತ್ತೀರಿ? ಕೈ ಎತ್ತುವುದು ಬೇಡ. ನಾನೂ ಹಾಗೆಯೇ ಹೇಳುತ್ತಿದ್ದೆ. ಸೈನಸ್ ಎಲ್ಲರಿಗೂ ಇದೆ. ಮೂಗಿನ ಅಕ್ಕಪಕ್ಕ, ಹುಬ್ಬಿನ ಹಿಂದೆ, ಕೆನ್ನೆಯ ಮೂಳೆಯೊಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಗೂಡುಗಳು. ಅಲ್ಲಿ ನೆಗಡಿಯ ಕೀವು ಕಟ್ಟಬಹುದು, ದ್ರಾಕ್ಷಿಯಂಥ ಮಾಂಸದ ಗೊಂಚಲು ಬೆಳೆಯಬಹುದು, ಸಕ್ಕರೆ ಕಾಯಿಲೆಯವರಿಗೆ ಬೂಷ್ಟು ಹಿಡಿಯಬಹುದು, ಹಲ್ಲಿನ ಬೇರಿನ ಸೋಂಕು ಮೇಲೇರಿ ಕೂರಬಹುದು. ತೀರ ಅಪರೂಪಕ್ಕೆ ಗಡ್ಡೆಯೂ ಬೆಳೆಯಬಹುದು. ತೊಂದರೆ ಏನೆಂದರೆ, ಖಾಲಿ ಮನೆಯಲ್ಲಿ ಯಾರೋ ಬಂದು ಸೇರಿಕೊಂಡಂತೆ ಅದು. ಮನೆ ತುಂಬುವವರೆಗೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮೊದಮೊದಲು ಎಲ್ಲವೂ ನೆಗಡಿಯ ವೇಷದಲ್ಲೇ ಬರುತ್ತವೆ.

ನನಗೆ ಬಂದದ್ದು ಐದು ತಿಂಗಳ ಬಸುರಿಯಾಗಿದ್ದಾಗ. ಎಡಗಡೆಯ ಮೂಗು ಕಟ್ಟಿತು. "ಬಸುರಲ್ಲಿ ಮೂಗು ಕಟ್ಟೋದು ಸಹಜ ಕಣೇ, ನನಗೂ ಕಟ್ಟಿತ್ತು" ಎಂದರು ಅತ್ತೆ. ಪಕ್ಕದ ಮನೆಯಾಕೆಯೂ ಅದನ್ನೇ ಅಂದರು. ಪುಸ್ತಕದಲ್ಲೂ ಹಾಗೇ ಬರೆದಿತ್ತು. ಅದು ಸುಳ್ಳೂ ಅಲ್ಲ. ಆದರೆ ಬಸುರಿಗೆ ಕಟ್ಟಿದರೆ ಎರಡೂ ಕಡೆ ಕಟ್ಟಬೇಕು, ಒಂದೇ ಕಡೆ ಯಾಕೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮೇಲಿನ ದವಡೆ ಹಲ್ಲು ಅಲ್ಲಾಡಿತು. ಹಲ್ಲಿನ ಡಾಕ್ಟರು ಕಿತ್ತರು. ಕಿತ್ತ ಜಾಗ ಆರು ವಾರವಾದರೂ ಮಾಯಲಿಲ್ಲ. ಪೌಡರ್ ಹಚ್ಚುವಾಗ ಎಡಗೆನ್ನೆಗೆ ನನ್ನದೇ ಕೈ ತಗುಲಿದ್ದು ಗೊತ್ತಾಗಲಿಲ್ಲ. ಎಡಗಣ್ಣಲ್ಲಿ ಸುಮ್ಮಸುಮ್ಮನೆ ನೀರು. "ಯಾಕೆ ಒಂದೇ ಕಣ್ಣಲ್ಲಿ ಅಳ್ತೀಯ?" ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಅವರು ಮೂರನೆಯ ಸಾಲಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಾರೆ. ಆ ತಮಾಷೆಗೆ ಅವರು ಈಗಲೂ ಮನಸ್ಸಿನಲ್ಲೇ ಕಪಾಳಕ್ಕೆ ಹೊಡೆದುಕೊಳ್ಳುತ್ತಾರೆ. ಬಿಟ್ಟುಬಿಡಿ, ಆಗ ನಾನೂ ನಕ್ಕಿದ್ದೆ.

ಡಾಕ್ಟರಮ್ಮ ದೀಪವಿರುವ ಸಣ್ಣ ಕೊಳವೆಯನ್ನು ಮೂಗಿಗೆ ಹಾಕಿ ನೋಡಿದರು. ನೋಡುತ್ತ ನೋಡುತ್ತ ಅವರ ಮಾತು ನಿಂತಿತು. ಮಾತುಗಾರರು ಮಾತು ನಿಲ್ಲಿಸಿದರೆ ರೋಗಿಗೆ ಅರ್ಧ ಗೊತ್ತಾದ ಹಾಗೆ. ಎಡಗೆನ್ನೆಯ ಸೈನಸ್ಸಿನಲ್ಲಿ ಗಡ್ಡೆ, ಕೆಳಗೆ ಅಂಗುಳಕ್ಕೆ ಇಳಿದಿದೆ. ಮೂರು ವಾರ ಮೊದಲೇ ಹೆರಿಗೆ ಮಾಡಿಸಿ, ಹದಿನೈದು ದಿನದ ಬಾಣಂತಿಯ ಎಡಗಡೆಯ ಮೇಲ್ದವಡೆಯನ್ನೂ ಅರ್ಧ ಅಂಗುಳವನ್ನೂ ತೆಗೆದರು. ಆಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಡ್ಡೆ ಹೋಯಿತು. ಜೀವ ಉಳಿಯಿತು. ಅದನ್ನು ಉಳಿಸಿದವರು ಡಾಕ್ಟರಮ್ಮ, ಅದಕ್ಕೆ ಸಭೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕಾಗುವುದಿಲ್ಲ, ಹೇಳದಿದ್ದರೆ ತಪ್ಪಾಗುತ್ತದೆ.

ಆದರೆ ಉಳಿದ ಜೀವ ಮಾತಾಡಬೇಕಲ್ಲ? ಬಾಯಿಗೂ ಮೂಗಿಗೂ ನಡುವಿನ ಗೋಡೆ ಇಲ್ಲ. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು. ಮಾತಾಡಿದರೆ ಬಾವಿಯೊಳಗಿಂದ ಯಾರೋ ನರಳಿದ ಹಾಗೆ. ಅಂಗುಳದ ತೂತು ಮುಚ್ಚಲು, ಹಲ್ಲಿನ ಸೆಟ್ಟಿನಂಥ ತಾತ್ಕಾಲಿಕ ಪ್ಲೇಟು ಹಾಕಿದ್ದರು, ಅದು ಸೋರುತ್ತಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನ ತಂದವಳು ನಾನು. ಅಂಗಡಿಯವನಿಗೆ ಸೋಪು ಬೇಕೆಂದು ಹೇಳಲಾರದೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದೆ. ನಮ್ಮವರಿಗೆ ನನ್ನ ಮಾತು ಅರ್ಥವಾಗುತ್ತಿತ್ತು, ಎದುರಿನವರಿಗೆ ಬಿಡಿಸಿ ಹೇಳುತ್ತಿದ್ದರು. ಅದು ನನಗೆ ಇನ್ನೂ ಸಿಟ್ಟು ತರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಭಯ ಮಗುವಿನದು. ಮಗು ಕೇಳಿದ್ದನ್ನು ಕಲಿಯುತ್ತದೆ. ಇದು ನನ್ನ ಹಾಗೆಯೇ ಮೂಗಿನಲ್ಲಿ ಮಾತು ಕಲಿತರೆ? ಅತ್ತೆಗೂ ಅದೇ ಚಿಂತೆ ಬಂದಿರಬೇಕು. ಒಂದು ದಿನ ಮಗುವಿಗೆ ಬಟ್ಟೆ ತೊಡಿಸುತ್ತ, ನನ್ನ ಕಡೆ ನೋಡದೆ, "ಸ್ವಲ್ಪ ದಿನ ನೀನು ಇವಳ ಹತ್ತಿರ ಜಾಸ್ತಿ ಮಾತಾಡ್ಬೇಡಮ್ಮ, ನಾನೇ ಮಾತಾಡಿಸ್ತೀನಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಳ್ಳೆಯ ಮನಸ್ಸಿನಿಂದ ಹೇಳಿದ್ದರಿಂದಲೇ ತಿರುಗಿ ಬೈಯಲಾಗಲಿಲ್ಲ. ಮಗುವಿಗೆ ಎಂಟು ತಿಂಗಳಾಗುವವರೆಗೆ ನಾನು ಅದರ ಹತ್ತಿರ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅಷ್ಟೇ.

ಇದನ್ನೆಲ್ಲ ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಮುಂದೆ ಹೋಗುತ್ತೇನೆ.

ಕಾಯಂ ಪ್ಲೇಟಿಗೆ ಡಾಕ್ಟರಮ್ಮ ನನ್ನನ್ನು ನೆಲಮಾಳಿಗೆಗೆ ಕಳಿಸಿದರು. ನಿಮ್ಮಲ್ಲಿ ಹೆಚ್ಚಿನವರು ಆ ಕೋಣೆ ನೋಡಿರಲಿಕ್ಕಿಲ್ಲ. ಬಟ್ಟೆ ಒಗೆಯುವ ವಿಭಾಗ ದಾಟಿ ಕೊನೆಯ ಬಾಗಿಲು. ಒಳಗೆ ಮೇಣದ ವಾಸನೆ, ಕಪಾಟಿನ ತುಂಬ ಪ್ಲಾಸ್ಟರಿನ ಅಂಗುಳಗಳು, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ನಂಬರು. ಕಿಟಕಿಯ ಕೆಳಗೆ ಉಜ್ಜುವ ಯಂತ್ರ. ಅದರ ಮುಂದೆ ಇವರು, ನಮ್ಮ ಪ್ಲೇಟಣ್ಣ.

ನಾನು ಹತ್ತು ನಿಮಿಷ ಮೊದಲೇ ಬಂದಿದ್ದೆ. "ತಡವಾಗಿ ಬಂದ್ರಿ" ಎಂದರು. ನೋಟ್‌ಬುಕ್ ತೆಗೆದು 'ಇಲ್ಲ' ಎಂದು ಬರೆದು ತೋರಿಸಿದೆ. ನೋಟ್‌ಬುಕ್ಕನ್ನು ಕಿತ್ತು ಕಪಾಟಿನ ಮೇಲಿಟ್ಟರು. "ಇದು ಓದೋ ಕೋಣೆ ಅಲ್ಲ." ಬಾಯಿಗೆ ಹೊಸ ಪ್ಲೇಟು ಕೂರಿಸಿದರು. ಅದರ ಅಂಚಿಗೆ ಮೆತ್ತನೆಯ ಮೇಣ ಬಳಿದಿತ್ತು.

"ಮಗು ಎಷ್ಟು ತಿಂಗಳು?"

"ಎಂಟು."

"ಯಾರು ನೋಡ್ಕೊಳ್ತಾರೆ?"

"ನಮ್ಮತ್ತೆ."

"ಸದ್ಯ, ಮಗು ಬದುಕ್ತು. ನಿಮ್ಮನ್ನ ನೋಡಿದ್ರೆ ನಿಮ್ಮ ಕೈಲಿ ಒಂದು ಬೆಕ್ಕಿನ ಮರಿ ಸಾಕೋಕೂ ಆಗಲ್ಲ ಅನ್ಸುತ್ತೆ."

ಸಭಿಕರೇ, ಎಂಟು ತಿಂಗಳು ಅದುಮಿಟ್ಟಿದ್ದದ್ದೆಲ್ಲ ಹೊರಗೆ ಬಂತು. "ನಿಮಗೇನ್ರೀ ಗೊತ್ತು? ಮೂರು ತಿಂಗಳು ಕೂತ್ಕೊಂಡೇ ನಿದ್ದೆ ಮಾಡಿ ಹೆತ್ತಿದೀನಿ ಆ ಮಗೂನ! ನೀವ್ಯಾರ್ರೀ ಕೇಳೋಕೆ?" ನಾನು ಕೂಗುತ್ತಿದ್ದರೆ ಈ ಮನುಷ್ಯ ನನ್ನ ಗಲ್ಲ ಹಿಡಿದು ಮೂಗಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡಿದಿದ್ದರು. "ಮಬ್ಬಾಯ್ತು. ಎಡಗಡೆ ಹಿಂದೆ ಸೋರ್ತಿದೆ. ಬಾಯಿ ತೆಗೀರಿ." ಪ್ಲೇಟು ತೆಗೆದು, ಮೇಣ ಬಳಿದು, ಮತ್ತೆ ಕೂರಿಸಿದರು. "ಹೂಂ, ಮುಂದುವರಿಸಿ. ಬೆಕ್ಕಿನ ಮರಿ ತನಕ ಬಂದಿದ್ರಿ." ನಾನು ಇನ್ನೂ ಜೋರಾಗಿ ಬೈದೆ. ಮತ್ತೆ ಕನ್ನಡಿ, ಮತ್ತೆ ಮೇಣ. ನಾಲ್ಕನೆಯ ಸಲಕ್ಕೆ ಕನ್ನಡಿ ಒರೆಸಿ ಜೇಬಿಗಿಟ್ಟು, "ಸಾಕು, ಹೋಗಿ. ಸೋಮವಾರ ಬನ್ನಿ" ಎಂದರು.

ಮನೆಗೆ ಹೋದವಳೇ ದೂರು ಬರೆದೆ. ಅದರ ಪ್ರತಿ ನನ್ನ ಬಳಿ ಇದೆ, ಒಂದು ವಾಕ್ಯ ಓದುತ್ತೇನೆ. "ಸದರಿ ನೌಕರರು ನನ್ನ ತಾಯ್ತನವನ್ನು ಅವಹೇಳನ ಮಾಡಿದ್ದಲ್ಲದೆ, ನಾನು ಪ್ರತಿಭಟಿಸಿದಾಗ ಕ್ಷಮೆ ಕೇಳುವುದರ ಬದಲು 'ಮುಂದುವರಿಸಿ' ಎಂದಿರುತ್ತಾರೆ."

ನಗಬಹುದು. ಆಗ ನನಗೆ ನಗು ಬರಲಿಲ್ಲ.

ಸೋಮವಾರ ಸಿದ್ಧವಾದ ಪ್ಲೇಟು ಹಾಕಿಸಿಕೊಂಡು, ಅವರ ಹತ್ತಿರ ಒಂದು ಮಾತನ್ನೂ ಆಡದೆ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹಿರಿಯರು. ನಿವೃತ್ತ ಬಸ್ ಕಂಡಕ್ಟರು. ನನ್ನ ಮುಖ ನೋಡಿ, "ನಿಂಗೇನಂದ ತಂಗಿ?" ಎಂದರು. ಹೇಳಿದೆ. "ನಂಗೆ, ನಿನ್ನ ಸೀಟಿ ಕೇಳಿದ್ರೆ ಡ್ರೈವರು ಬಸ್ ಬಿಟ್ಟು ಓಡಿಹೋಗ್ತಾನೆ ಅಂದ. ನಾನು ಸಾಹೇಬ್ರಿಗೆ ಬರೆದುಕೊಟ್ಟೆ." ನಾನೂ ಬರೆದುಕೊಟ್ಟೆ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ತಂಗಿ, ಇಷ್ಟು ಹೊತ್ತಿಂದ ನನ್ನ ಜೊತೆ ಮಾತಾಡ್ತಿದೀಯಲ್ಲ, ಒಂದು ಸಲಾನಾದ್ರೂ ನಾನು 'ಏನು' ಅಂತ ಕೇಳಿದ್ನಾ?"

ಕೇಳಿರಲಿಲ್ಲ.

ಆಗ ಅವರು ಬಿಡಿಸಿ ಹೇಳಿದರು. ಪ್ಲೇಟು ಕೂರಿಸುವಾಗ ರೋಗಿಯ ಹತ್ತಿರ ಪಾಠ ಓದಿಸುವುದು, ಅಂಕಿ ಎಣಿಸಲು ಹೇಳುವುದು ವಾಡಿಕೆಯಂತೆ. ಓದುವಾಗ, ಎಣಿಸುವಾಗ ಎಲ್ಲರೂ ಎಚ್ಚರದಿಂದ ಮೆಲ್ಲಗೆ ಬಾಯಾಡಿಸುತ್ತಾರೆ. ಮನೆಗೆ ಹೋಗಿ ಮಕ್ಕಳ ಮೇಲೆ ಕೂಗಿದಾಗ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗ ಸೋರತೊಡಗುತ್ತದೆ. ನಿಜವಾಗಿ ಸಿಟ್ಟು ಬಂದಾಗ ಮಾತ್ರ ಗಂಟಲು, ಕೆನ್ನೆ, ನಾಲಿಗೆ ಎಲ್ಲ ಪೂರ್ತಿ ಕೆಲಸ ಮಾಡುತ್ತವೆ, ಮೆತ್ತನೆಯ ಮೇಣದ ಮೇಲೆ ತಮ್ಮ ಗುರುತು ಬಿಡುತ್ತವೆ. ಅದಕ್ಕೇ ಪ್ಲೇಟಣ್ಣ ಪ್ರತಿಯೊಬ್ಬರ ನೋವು ಎಲ್ಲಿದೆ ಎಂದು ಮೊದಲೇ ಪತ್ತೆ ಮಾಡಿ, ಸರಿಯಾಗಿ ಅಲ್ಲಿಗೇ ಚುಚ್ಚುತ್ತಾರೆ. ಮೊದಲೇ ಹೇಳಿ ಮಾಡಬಾರದೇ ಎಂದು ಆಮೇಲೊಮ್ಮೆ ಕೇಳಿದೆ. "ಹೇಳಿಬಿಟ್ರೆ ಸಿಟ್ಟಿನ ನಾಟಕ ಆಡ್ತೀರಿ. ನಾಟಕಕ್ಕೆ ಪ್ಲೇಟು ಮಾಡಿಕೊಟ್ರೆ ನಾಟಕಕ್ಕೆ ಮಾತ್ರ ಆಗುತ್ತೆ" ಎಂದರು. ಮುಗಿದ ಮೇಲಾದರೂ ಹೇಳಬಹುದಿತ್ತಲ್ಲ? "ಎರಡು ವರ್ಷಕ್ಕೆ ಇನ್ನೊಂದು ಪ್ಲೇಟು ಬೇಕಾಗುತ್ತಲ್ಲಮ್ಮ, ಆಗ ಏನ್ಮಾಡ್ಲಿ?"

ಹನ್ನೊಂದು ದೂರಿಗೂ ಕಚೇರಿಯಿಂದ ಇವರಿಗೆ ವಿವರಣೆ ಕೇಳಿ ಪತ್ರ ಹೋಗಿದೆ. ಹನ್ನೊಂದಕ್ಕೂ ಇವರು ಒಂದೇ ಸಾಲಿನ ಉತ್ತರ ಕೊಟ್ಟಿದ್ದಾರೆ: "ಪ್ಲೇಟು ಸರಿಯಾಗಿ ಕೂತಿದೆ." ಸಾಹೇಬರೇ, ಅದು ಉಡಾಫೆಯೆಂದು ನಿಮಗಿಂತ ಹಿಂದಿನವರು ಫೈಲಿನಲ್ಲಿ ಬರೆದಿದ್ದಾರಂತೆ. ಅದಕ್ಕಿಂತ ಪೂರ್ತಿಯಾದ ಉತ್ತರ ಇನ್ನೇನಿತ್ತು?

ಮನೆಗೆ ಹೋಗಿ ನಾನು ಮಗುವಿನ ಹತ್ತಿರ ಮಾತಾಡಿದೆ. ಏನು ಮಾತಾಡಿದೆ ಎಂಬುದು ಸಭೆಗೆ ಬೇಡ. ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಮತ್ತೆ ಒಳಗೆ ಹೋದರು. ಅಂದಿನಿಂದ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಮುಂದಿನ ಸಲ ಪ್ಲೇಟಣ್ಣನಿಗೆ ನನ್ನ ಹಳೆಯ ಭಯ ಹೇಳಿದಾಗ ಯಂತ್ರ ನಿಲ್ಲಿಸಿ ಅಂದರು: "ಅಮ್ಮ ಅನ್ನೋ ಮಾತು ಎಲ್ಲರಿಗೂ ಮೂಗಲ್ಲೇ ಬರೋದು. ಅದಕ್ಕೆ ಕನ್ನಡಿ ಮಬ್ಬಾಗಲೇಬೇಕು. ಅಷ್ಟನ್ನ ನಿಮ್ಮ ಹತ್ರ ಯಾರೂ ಕಿತ್ಕೊಂಡಿರಲಿಲ್ಲ." ಒರಟು ಮನುಷ್ಯ!

ಈಗ ನಮಗೆ ಹೇಳುತ್ತಿರುವುದೇನು? ಇನ್ನು ಮೇಲೆ ಬಾಯಿಯ ಅಚ್ಚನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತೇವೆ, ಅಲ್ಲಿಂದ ಪ್ಲೇಟು ಮಾಡಿ ಕಳಿಸುತ್ತಾರೆ ಎಂದು. ಅಚ್ಚು ಕಳಿಸಬಹುದು ಸಾಹೇಬರೇ. ಜಗಳ ಕಳಿಸಲು ಬರುತ್ತದೆಯೇ?

ಇನ್ನೊಂದು ವಿಷಯವಿದೆ. ಪ್ಲೇಟು ಕೊಡುವಾಗ ಇವರು ಎಲ್ಲರಿಗೂ ಒಂದು ಮಾತು ಹೇಳುತ್ತಾರೆ. "ಸಡಿಲ ಆದ್ರೆ ನನ್ನ ಹತ್ರ ಬನ್ನಿ. ಬಿಗಿ ಆದ್ರೆ ಡಾಕ್ಟರಮ್ಮನ ಹತ್ರ ಓಡಿ." ಗಾಯ ಮಾಯುತ್ತ ಒಳಗಿನ ಜಾಗ ಬದಲಾದರೆ ಪ್ಲೇಟು ಸಡಿಲವಾಗುತ್ತದೆ, ಅದು ಸಹಜ. ಚೆನ್ನಾಗಿ ಕೂರುತ್ತಿದ್ದ ಪ್ಲೇಟು ಕೂರದೇ ಹೋದರೆ ಒಳಗೆ ಏನೋ ಬೆಳೆಯುತ್ತಿರಬಹುದು. ಒಬ್ಬ ದರ್ಜಿ, ಇಲ್ಲೇ ಕೂತಿದ್ದಾರೆ, ಪ್ಲೇಟು ಒತ್ತುತ್ತಿದೆ, ಸ್ವಲ್ಪ ಉಜ್ಜಿಕೊಡಿ ಎಂದು ಬಂದಿದ್ದರು. ಇವರು ಉಜ್ಜಲಿಲ್ಲ. ಕೈಹಿಡಿದು ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ಗಡ್ಡೆ ಕಾಳಿನಷ್ಟಿದ್ದಾಗಲೇ ಸಿಕ್ಕಿತು. ಉಜ್ಜಿಕೊಟ್ಟಿದ್ದರೆ? ದರ್ಜಿಯವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಗಡ್ಡೆಗೂ ಜಾಗವಾಗುತ್ತಿತ್ತು.

ಹೋದ ತಿಂಗಳು ನನ್ನ ಪ್ಲೇಟು ಬಿಗಿಯಾಯಿತು.

ಎರಡು ದಿನ ಯಾರಿಗೂ ಹೇಳಲಿಲ್ಲ. ನೀವು ನನ್ನನ್ನು ಬಲ್ಲಿರಿ ಡಾಕ್ಟರಮ್ಮ, ಮಗುವಿಗೆ ಒಂದು ಸೀನು ಬಂದರೆ ಟಾರ್ಚು ಹಿಡಿದು ಅದರ ಮೂಗು ನೋಡುವವಳು ನಾನು. ನಮ್ಮವರು ಟಾರ್ಚು ಬಚ್ಚಿಟ್ಟಿದ್ದಾರೆ, ನೀವು ಮಗುವನ್ನು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ತರಬೇಡ ಎಂದಿದ್ದೀರಿ. ಅಂಥವಳು ನನ್ನ ವಿಷಯಕ್ಕೆ ಬಂದಾಗ ಬಾಯಿ ಮುಚ್ಚಿಕೊಂಡೆ. ಮೇಲೆ ಹೋಗುವ ಧೈರ್ಯವಿಲ್ಲದೆ ಕೆಳಗೆ ಹೋದೆ. ಪ್ಲೇಟಣ್ಣ ಬಾಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಮಲಗುವಾಗ ತೆಗೀತೀರಾ?"

"ತೆಗೀತೀನಿ."

"ಸುಳ್ಳು."

ಸುಳ್ಳೇ. ಮಗು ಎಚ್ಚರವಾದರೆ ಮಾತಾಡಿಸಲು ಬಾಯಿ ಸಿದ್ಧವಾಗಿರಲಿ ಎಂದು ನಾನು ಒಂದು ವರ್ಷದಿಂದ ರಾತ್ರಿ ಪ್ಲೇಟು ತೆಗೆದೇ ಇಲ್ಲ. ಇದು ನಮ್ಮವರಿಗೂ ಗೊತ್ತಿಲ್ಲ. ಈಗ ಗೊತ್ತಾಯಿತು. ಮನೆಗೆ ಹೋದ ಮೇಲೆ ಮಾತಾಡೋಣ ರೀ, ಇಲ್ಲಿ ಹಾಗೆ ನೋಡಬೇಡಿ.

ಗಾಳಿಯಾಡದೆ ಒಸಡು ಊದಿಕೊಂಡಿತ್ತು, ಹುಣ್ಣಾಗಿತ್ತು. ಆದರೂ ಇವರು ತಮ್ಮ ಮಾತನ್ನೇ ನಂಬಿ ಕೂರಲಿಲ್ಲ. "ನನಗೆ ಬರೀ ಹುಣ್ಣು ಅನ್ಸುತ್ತೆ. ಮೇಲಿನವರೂ ನೋಡಿ ಹುಣ್ಣೇ ಅನ್ನಲಿ" ಎಂದು ಡಾಕ್ಟರಮ್ಮನ ಬಾಗಿಲವರೆಗೂ ಬಂದು, ಅವರು ಕೊಳವೆ ಹಾಕಿ ನೋಡಿ "ಏನೂ ಇಲ್ಲ" ಎನ್ನುವವರೆಗೂ ಹೊರಗೆ ನಿಂತಿದ್ದರು. ಬರುವ ತಿಂಗಳು ಯಾರದೋ ಪ್ಲೇಟು ಬಿಗಿಯಾಗುತ್ತದೆ. ಅವರು ಯಾರ ಹತ್ತಿರ ಹೋಗಬೇಕು? ಅಂಚೆಯಲ್ಲಿ ಬರುವ ಪೊಟ್ಟಣದ ಹತ್ತಿರವೇ?

ಸಾಹೇಬರೇ, ದೂರನ್ನು ದೂರು ಕೊಟ್ಟವರೇ ಬರವಣಿಗೆಯಲ್ಲಿ ಹಿಂಪಡೆದರೆ ಪರಿಶೀಲಿಸಬಹುದು ಎಂದು ನಿಮ್ಮ ಕಚೇರಿಯ ಗುಮಾಸ್ತರು ಹೇಳಿದರು. ಉಳಿದ ಹತ್ತು ಜನರ ಹೆಸರು ಯಾರು ಕೊಟ್ಟರು ಎಂದು ದಯವಿಟ್ಟು ಕೇಳಬೇಡಿ. ಹೆಡ್ ಸಿಸ್ಟರ್ ಯಾಕೆ ಕೆಮ್ಮುತ್ತಿದ್ದಾರೋ ನನಗೆ ತಿಳಿಯದು.

ಹತ್ತು ಜನರಲ್ಲಿ ಇಬ್ಬರು ಈಗಿಲ್ಲ. ಅವರಲ್ಲಿ ಒಬ್ಬರ ಮನೆಯವರು ಸಿಗಲಿಲ್ಲ. ಇನ್ನೊಬ್ಬರ ಹೆಂಡತಿ ಗಂಡನ ಪರವಾಗಿ ಬರೆದುಕೊಟ್ಟಿದ್ದಾರೆ. "ಕೊನೇ ದಿನದವರೆಗೂ ಆ ಪ್ಲೇಟು ಹಾಕ್ಕೊಂಡೇ ನನ್ನ ಬೈತಿದ್ರು, ಒಂದಕ್ಷರ ತಪ್ಪದೆ ಕೇಳಿಸ್ತಿತ್ತು" ಎಂದು ಹೇಳಿ ಸಹಿ ಹಾಕಿದರು. ಒಬ್ಬರು ಊರು ಬಿಟ್ಟಿದ್ದಾರೆ, ವಿಳಾಸವಿಲ್ಲ. ಆರು ಜನ ಹಿಂಪಡೆದಿದ್ದಾರೆ, ಐವರು ಈ ಸಭೆಯಲ್ಲೇ ಇದ್ದಾರೆ. ನನ್ನದೂ ಸೇರಿ ಎಂಟು ಪತ್ರ.

ಕಂಡಕ್ಟರು ಮಾತ್ರ ಒಪ್ಪಲಿಲ್ಲ. ಎಷ್ಟು ಬೇಡಿಕೊಂಡರೂ, "ನನ್ನ ಸೀಟಿ ವಿಷಯಕ್ಕೆ ಬಂದಿದ್ದು ತಪ್ಪೇ" ಎಂದರು. ಅವರೂ ಒಂದು ಪತ್ರ ಕೊಟ್ಟಿದ್ದಾರೆ, ಹಾಗೆಯೇ ಓದುತ್ತೇನೆ. "ನನ್ನ ದೂರನ್ನು ಹಿಂಪಡೆಯುವುದಿಲ್ಲ. ಸದರಿ ನೌಕರರು ಇನ್ನೊಂದು ವರ್ಷ ಇದೇ ಆಸ್ಪತ್ರೆಯಲ್ಲಿ ಹಾಜರಿದ್ದು ನನಗೆ ಉತ್ತರ ಹೇಳತಕ್ಕದ್ದು." ಒಂಬತ್ತೂ ಪತ್ರಗಳನ್ನು ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ.

ಈಗಲೇ ಉತ್ತರ ಕೊಡಿ ಎಂದು ವೇದಿಕೆಯ ಮೇಲೆ ನಿಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುವುದು ಮರ್ಯಾದೆಯಲ್ಲ. ನನ್ನ ಹೊಸ ಪ್ಲೇಟಿನ ಅಳತೆಗೆ ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಬರಬೇಕು ಎಂದು ಚೀಟಿಯಲ್ಲಿದೆ. ಇವರ ಕೆಲಸ ಮುಗಿಯುವುದು ಮಂಗಳವಾರ ಸಂಜೆ. ಚೀಟಿ ಬರೆದವರು ಇವರೇ. ದಿನ ತಪ್ಪಿ ಬರೆದರೋ, ಬೇಕೆಂದೇ ಬರೆದರೋ ನಾನು ಕೇಳಿಲ್ಲ. ಬುಧವಾರ ಒಂಬತ್ತೂವರೆಗೆ ನಾನು ಆ ಬಾಗಿಲ ಮುಂದೆ ಇರುತ್ತೇನೆ. ಅದು ತೆರೆದಿದ್ದರೆ ಒಳಗೆ ಹೋಗುತ್ತೇನೆ. ಬೀಗ ಹಾಕಿದ್ದರೆ ಬೆಂಚಿನ ಮೇಲೆ ಕೂರುತ್ತೇನೆ, ಗುರುವಾರವೂ ಬಂದು ಕೂರುತ್ತೇನೆ.

ಐದು ನಿಮಿಷ ಯಾವಾಗಲೋ ಮುಗಿದಿದೆ. ನನ್ನ ಮಾತನ್ನು ತಡೆಯದೆ ಕೇಳಿದ ಅಧ್ಯಕ್ಷರಿಗೆ, ಡಾಕ್ಟರಮ್ಮನಿಗೆ, ಒಮ್ಮೆಯೂ "ಏನು" ಎಂದು ಕೇಳದ ನಿಮಗೆಲ್ಲರಿಗೂ, ತಲೆ ಎತ್ತದ ಪ್ಲೇಟಣ್ಣನಿಗೂ ಕೃತಜ್ಞತೆಗಳು. ನಮಸ್ಕಾರ.